ಸರಳ ಲೋಲಕದಲ್ಲಿ ಜಿ ಬೆಲೆ 10.56 ಬಂದಿದೆ, ತಪ್ಪೆಲ್ಲಿ ಅಂತ ಹುಡುಕಿಕೊಡಿ

ಚಾಕ್‌ಪೀಸ್:
ಎಲ್ಲರಿಗೂ ನಮಸ್ಕಾರ. ಕಡೂರು ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು ನಾನು. ಒಂಬತ್ತನೇ ಕ್ಲಾಸಿಗೆ ಗುರುತ್ವಾಕರ್ಷಣೆ ಪಾಠ ಮುಗಿಸಿದ ಮೇಲೆ, ಜಿ (ಗುರುತ್ವ ವೇಗೋತ್ಕರ್ಷ) 9.8 ಮೀ/ಸೆ² ಅನ್ನೋದನ್ನ ಬರೀ ಬಾಯಿಪಾಠ ಮಾಡೋದು ಬೇಡ, ಅಳೆದೇ ನೋಡೋಣ ಅಂತ ಮಕ್ಕಳ ಕೈಲಿ ಸರಳ ಲೋಲಕ ಕಟ್ಟಿಸಿದೆ. ಕೊಕ್ಕೆ ಇರುವ ಹಿತ್ತಾಳೆ ಗುಂಡು, ಹೊಲಿಗೆ ದಾರ, ಮರದ ಮೀಟರ್ ಸ್ಕೇಲು, ನನ್ನ ಮೊಬೈಲಿನ ಸ್ಟಾಪ್‌ವಾಚ್. ನಾಲ್ಕು ಗುಂಪು, ನಾಲ್ಕು ಉದ್ದ. ಒಂದೊಂದು ಗುಂಪೂ 20 ಆಂದೋಲನದ ಕಾಲವನ್ನು ಮೂರು ಮೂರು ಸಲ ಅಳೆದು ಸರಾಸರಿ ತೆಗೆದಿದೆ. ಅದನ್ನ 20ರಿಂದ ಭಾಗಿಸಿದ್ರೆ ಅವಧಿ, ಅಂದ್ರೆ ಒಂದು ಸಲ ಹೋಗಿ ಬರೋ ಕಾಲ. ಸೂತ್ರ: ಜಿ = 4π² × ಉದ್ದ ÷ ಅವಧಿಯ ವರ್ಗ.

40 ಸೆಂ.ಮೀ.: 24.6 ಸೆಕೆಂಡು, ಜಿ = 10.44
60 ಸೆಂ.ಮೀ.: 30.0 ಸೆಕೆಂಡು, ಜಿ = 10.53
80 ಸೆಂ.ಮೀ.: 34.5 ಸೆಕೆಂಡು, ಜಿ = 10.61
100 ಸೆಂ.ಮೀ.: 38.5 ಸೆಕೆಂಡು, ಜಿ = 10.65

ನಾಲ್ಕರ ಸರಾಸರಿ 10.56. ಮೂರು ಸಲದ ಓದುಗಳಲ್ಲಿ 0.2 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಇಲ್ಲ, ಅಷ್ಟು ಜೋಪಾನವಾಗಿ ಮಾಡಿದ್ದಾರೆ. ಗುಣಾಕಾರ ಭಾಗಾಕಾರ ನಾನೇ ಎರಡು ಸಲ ನೋಡಿದೆ, ಸರಿ ಇದೆ. ಒಬ್ಬ ಹುಡುಗಿ ಎದ್ದು ನಿಂತು, "ನಮ್ಮೂರಲ್ಲಿ ಗುರುತ್ವ ಜಾಸ್ತಿ ಇರಬಹುದಲ್ವಾ ಸರ್?" ಅಂದಳು. ಇಲ್ಲಮ್ಮ ಅಂದೆ. ಯಾಕಿಲ್ಲ ಅಂತ ಸರಿಯಾಗಿ ಹೇಳೋಕೆ ಬರಲಿಲ್ಲ. ಸೋಮವಾರ ಮತ್ತೆ ಕ್ಲಾಸಿದೆ.

ಎರಡನೇ ಪಿಯು:
ಸರ್, ಮೊಬೈಲ್ ಸ್ಟಾಪ್‌ವಾಚ್ 0.01 ಸೆಕೆಂಡ್‌ವರೆಗೂ ತೋರಿಸುತ್ತೆ. ಹಾಗಾಗಿ ಟೈಮಿಂಗ್‌ನಲ್ಲಿ ತಪ್ಪಿರೋಕೆ ಚಾನ್ಸೇ ಇಲ್ಲ. ಉದ್ದದಲ್ಲೇ ಏನೋ ಆಗಿದೆ.

ತೂಕದಕಲ್ಲು:
ಮೊದಲು ಆ ಹುಡುಗಿಗೆ ಉತ್ತರ. ಒಳ್ಳೆ ಪ್ರಶ್ನೆ ಅದು, ನಗಬೇಡಿ. ಜಾಗದಿಂದ ಜಾಗಕ್ಕೆ ಜಿ ಬದಲಾಗುತ್ತೆ. ಸಮಭಾಜಕದ ಹತ್ತಿರ 9.78, ಧ್ರುವದಲ್ಲಿ 9.83. ಇಡೀ ಭೂಮಿ ಸುತ್ತಿದರೂ ಸಮುದ್ರಮಟ್ಟದಲ್ಲಿ ವ್ಯತ್ಯಾಸ ಅರ್ಧ ಪರ್ಸೆಂಟು ಅಷ್ಟೇ. ನಿಮಗೆ ಬಂದಿರೋದು 8 ಪರ್ಸೆಂಟ್ ಜಾಸ್ತಿ. ಕಡೂರಿನ ಕೆಳಗೆ ಅಷ್ಟೊಂದು ಎಳೆಯುವಂಥದ್ದು ಏನೂ ಇಲ್ಲ. ಅಂದಹಾಗೆ ಕರ್ನಾಟಕದಲ್ಲಿ ನಿಮ್ಮ ಗುರಿ 9.81 ಅಲ್ಲ, 9.78ರ ಆಸುಪಾಸು. 9.81 ಅನ್ನೋದು ನಮಗಿಂತ ತುಂಬ ಉತ್ತರದ ಊರುಗಳ ಬೆಲೆ.

ಇನ್ನು ಪಿಯು ತಮ್ಮನಿಗೆ: ಪರದೆ ಮೇಲೆ 0.01 ಕಂಡ ಮಾತ್ರಕ್ಕೆ ನಿನ್ನ ಬೆರಳು 0.01ಕ್ಕೆ ಒತ್ತಲ್ಲಪ್ಪ. ಕಣ್ಣು ನೋಡಿ, ತಲೆ ಹೇಳಿ, ಬೆರಳು ಒತ್ತೋಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗಿರುತ್ತೆ. ಉಪಕರಣದ ಲೀಸ್ಟ್ ಕೌಂಟ್ (ಅದು ತೋರಿಸೋ ಅತಿ ಚಿಕ್ಕ ಅಳತೆ) ಬೇರೆ, ಅಳತೆಯಲ್ಲಿ ಆಗೋ ತಪ್ಪು ಬೇರೆ. ನಾನಿರೋದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ, ಅಳತೆ ಉಪಕರಣ ಸರಿ ಇದೆಯಾ ಅಂತ ನೋಡೋ ಜಾಗ. ಹೊಸದಾಗಿ ಬಂದವರಿಗೆ ಮೊದಲ ವಾರ ಬಿಡಿಸೋ ಗಂಟೇ ಇದು.

ಮೇಷ್ಟ್ರೇ, ಮೂರು ಸಲದ ಓದು ಒಂದಕ್ಕೊಂದು ಹೊಂದಿದೆ ಅಂತ ಸಮಾಧಾನ ಪಡಬೇಡಿ. ತಕ್ಕಡಿ ತಟ್ಟೆ ಕೆಳಗೆ ಹುಣಸೆಹಣ್ಣು ಅಂಟಿಸಿಟ್ಟ ಅಂಗಡಿಯಲ್ಲಿ ನೂರು ಸಲ ತೂಗಿಸಿದ್ರೂ ನೂರು ಸಲವೂ ಒಂದೇ ತೂಕ ಬರುತ್ತೆ. ಸರಾಸರಿ ತೆಗೆದ್ರೆ ಬರೋದು ಮೋಸದ ಸರಾಸರಿ. ಬೆರಳಿನ ಹೆಚ್ಚುಕಡಿಮೆ ಸರಾಸರಿಯಲ್ಲಿ ಕರಗುತ್ತೆ, ಹುಣಸೆಹಣ್ಣು ಕರಗಲ್ಲ. ನಿಮ್ಮಲ್ಲಿರೋದು ಹುಣಸೆಹಣ್ಣು.

ಅದರ ಗುರುತು ಕೂಡ ನೀವು ಕೊಟ್ಟ ಪಟ್ಟಿಯಲ್ಲೇ ಇದೆ. 10.44, 10.53, 10.61, 10.65. ಉದ್ದ ಹೆಚ್ಚಿದ ಹಾಗೆ ಬೆಲೆ ಏರ್ತಾ ಹೋಗಿದೆ. ನಾಲ್ಕನ್ನೂ ಕಲಸಿ 10.56 ಮಾಡಿದಾಗ ಈ ಗುರುತು ಅಳಿಸಿಹೋಯ್ತು. ಲೋಲಕದ ಉದ್ದ ಎಲ್ಲಿಂದ ಎಲ್ಲಿವರೆಗೆ ಹಿಡಿದ್ರಿ?

ಚಾಕ್‌ಪೀಸ್:
ದಾರ ಕಟ್ಟಿದ ಜಾಗದಿಂದ ಕೊಕ್ಕೆಯ ಮೇಲ್ತುದಿವರೆಗೆ. ಗುಂಡಿನ ನಡುವಿನವರೆಗೆ ಅಳೀಬೇಕಿತ್ತು ಅಂತ ನೀವು ಕೇಳಿದ ಮೇಲೆ ಹೊಳೀತು. ಈಗ ಅಳೆದೆ: ಕೊಕ್ಕೆ 0.6, ಗುಂಡಿನ ತ್ರಿಜ್ಯ 1.0, ಒಟ್ಟು 1.6 ಸೆಂ.ಮೀ. ಬಿಟ್ಟುಹೋಗಿದೆ. ಆದರೆ ಅದನ್ನ ಸೇರಿಸಿದ್ರೆ ಇನ್ನೂ ಕೆಡ್ತಾ ಇದೆಯಲ್ಲ! ಉದ್ದ ಜಾಸ್ತಿ ಆದ್ರೆ ಜಿ ಜಾಸ್ತಿ ಆಗುತ್ತೆ. ಈಗ ಬಂದ ಬೆಲೆಗಳು 10.86, 10.81, 10.83, 10.82. ಮೊದಲು 8 ಪರ್ಸೆಂಟ್ ತಪ್ಪಿತ್ತು, ಈಗ 11 ಹತ್ತಿರ. ಹಾಗಾಗಿ ಇದು ಕಾರಣ ಅಲ್ಲ ಅನ್ಸುತ್ತೆ.

ಮಿರ್ಚಿ ಭಜಿ:
ಅಲ್ಲೇ ನಿಂದರ್ರಿ ಸರ. ಇದ ಕಾರಣ ಅದ. ಒಂದ ಕಾರಣ ಅದ, ಇನ್ನೊಂದ ಬ್ಯಾರೆ ಕಡೆ ಅಡಗೇದ.

ನೋಡ್ರಿ, ಮೊದಲಿನ ನಾಕು ಬೆಲಿ ಒಂದರಿಂದ ಒಂದು ದೂರ ಇದ್ವು, ಏರತಿದ್ವು. ಈಗ ನಾಕೂ ಬಂದು 10.8 ಮ್ಯಾಲೆ ಕುಂತ್ವು. ಕಾಣೆ ಆದ 1.6 ಸೆಂ.ಮೀ. 40ರೊಳಗ 4 ಪರ್ಸೆಂಟ್, 100ರೊಳಗ 1.6 ಪರ್ಸೆಂಟ್. ಅದಕ್ಕ ಗಿಡ್ಡ ಲೋಲಕಕ್ಕ ಪೆಟ್ಟು ಜಾಸ್ತಿ ಬಿದ್ದಿತ್ತು. ತಿದ್ದುಪಡಿ ಸರಿ ಅದನೋ ಇಲ್ಲೋ ಅಂತ ಹೆಂಗ ಹೇಳೂದು? ಪುಸ್ತಕದ 9.8ಕ್ಕ ಹತ್ತಿರ ಬಂತೇನು ಅಂತ ನೋಡಿ ಅಲ್ಲ. ನಾಕೂ ಒಂದ ಮಾತು ಹೇಳಾಕ ಹತ್ತಾವೇನು ಅಂತ ನೋಡಿ. ನೀವು ಪುಸ್ತಕದ ಕಡೆ ನೋಡಿದ್ರಿ, ಅದಕ್ಕ ಸರಿಯಾದ ತಿದ್ದುಪಡಿಯನ್ನ ತಪ್ಪು ಅಂತ ಬಿಡಾಕ ಹೊಂಟಿದ್ರಿ.

ಪಿಯು ಹುಡುಗರಿಗೆ ಇಪ್ಪತ್ತು ವರ್ಷದಿಂದ ಇದನ್ನ ಹೇಳಾಕತ್ತೀನಿ. ಎರಡು ತಪ್ಪು ಎದುರುಬದುರು ನಿಂತು ಒಂದನ್ನೊಂದು ಮುಚ್ಚಿದ್ರ ಉತ್ತರ ಚಂದ ಕಾಣತೈತಿ, ಪ್ರಯೋಗ ಮಾತ್ರ ಕೆಟ್ಟಿರತೈತಿ. ನಿಮ್ಮ ಪುಣ್ಯ, ಎರಡನೇ ತಪ್ಪು ದೊಡ್ಡದಿತ್ತು, ಸಿಕ್ಕಿಬಿತ್ತು.

ಸೈನ್ ತೀಟಾ:
ಆಂಪ್ಲಿಟ್ಯೂಡ್, ಅಂದರೆ ತೂಗುವ ಕೋನ, ದೊಡ್ಡದಿರಬೇಕು. ಸೂತ್ರ ಸಣ್ಣ ಕೋನಕ್ಕೆ ಮಾತ್ರ. ಜೊತೆಗೆ ಗಾಳಿಯ ತೇಲುವಿಕೆ, ಗುಂಡಿನ ಸ್ವಂತ ಜಡತ್ವದ ತಿದ್ದುಪಡಿ, ಇವನ್ನೂ ಲೆಕ್ಕಕ್ಕೆ ತಗೋಬೇಕು.

ತೂಕದಕಲ್ಲು:
ತೀಟಾ ಅವರೇ, ಲೆಕ್ಕಕ್ಕೆ ತಗೊಳ್ಳೋದಾದ್ರೆ ಲೆಕ್ಕ ಹಾಕಿಯೇ ನೋಡೋಣ. ಕೋನ 10 ಡಿಗ್ರಿ ಇದ್ದರೆ ಅವಧಿ 0.2 ಪರ್ಸೆಂಟ್ ಜಾಸ್ತಿ, 30 ಡಿಗ್ರಿ ಇದ್ದರೆ 1.7 ಪರ್ಸೆಂಟ್ ಜಾಸ್ತಿ. ಅವಧಿ ಜಾಸ್ತಿ ಆದ್ರೆ ಜಿ ಕಡಿಮೆ ಬರುತ್ತೆ. ಇವರಿಗೆ ಜಾಸ್ತಿ ಬಂದಿದೆ. ಅಲ್ಲಿಗೆ ಕೋನ ಕಾರಣ ಅಲ್ಲ. ಹಿತ್ತಾಳೆ ಗುಂಡಿಗೆ ಗಾಳಿಯ ತೇಲುವಿಕೆ 0.01 ಪರ್ಸೆಂಟ್ ಲೆಕ್ಕ. 1 ಸೆಂ.ಮೀ. ತ್ರಿಜ್ಯದ ಗುಂಡು 40 ಸೆಂ.ಮೀ. ದಾರದಲ್ಲಿ ತೂಗಿದರೆ ಜಡತ್ವದ ತಿದ್ದುಪಡಿಯೂ ಅಷ್ಟೇ. ಮನೆಗೆ ಬೆಂಕಿ ಬಿದ್ದಾಗ ನಲ್ಲಿ ತೊಟ್ಟಿಕ್ಕೋದನ್ನ ರಿಪೇರಿ ಮಾಡಿದ ಹಾಗಾಯ್ತು.

ದೋಷ ಹುಡುಕೋವಾಗ ನಾನು ಕೇಳೋದು ಮೂರೇ ಪ್ರಶ್ನೆ. ಎಷ್ಟು ದೊಡ್ಡದು, ಯಾವ ಕಡೆಗೆ ಎಳೆಯುತ್ತೆ, ಉದ್ದ ಬದಲಾದ್ರೆ ಹೇಗೆ ಬದಲಾಗುತ್ತೆ. ಪಾಠದ ಕೊನೆಯಲ್ಲಿ "ಮುನ್ನೆಚ್ಚರಿಕೆಗಳು" ಅಂತ ಹತ್ತು ಸಾಲು ಬರೆಸ್ತಾರಲ್ಲ, ಫ್ಯಾನ್ ಆರಿಸಬೇಕು ಅಂತೆಲ್ಲ, ಅದರಲ್ಲಿ ಈ ಮೂರೂ ಇರಲ್ಲ.

ಪಣಂಬೂರು:
ಹೈಸ್ಕೂಲ್ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಮಾರಾಯ್ರೆ? 9.8 ಅಂತ ಬರೆಸಿ ಮುಂದೆ ಹೋಗಿ. ಸಿಲಬಸ್ ಮುಗಿಯುವುದು ಬೇಡವಾ?

ಎರಡನೇ ಪಿಯು:
ನಿಜ ಹೇಳಿಬಿಡ್ತೀನಿ, ಬೈಬೇಡಿ. ಫಸ್ಟ್ ಪಿಯುನಲ್ಲಿ ನಾವೂ ಅದನ್ನೇ ಮಾಡಿದ್ದು. 9.8 ಬರೋ ಹಾಗೆ ಹಿಂದಿನಿಂದ ಟೈಮ್ ಲೆಕ್ಕ ಹಾಕಿ, ಕೊನೇ ಅಂಕಿ ಸ್ವಲ್ಪ ಆಚೆ ಈಚೆ ಮಾಡಿ ಬರೆದ್ವಿ. ರೆಕಾರ್ಡ್‌ಗೆ ಸೈನ್ ಬಿತ್ತು. ತರಗತಿಯ ಎಲ್ಲರದ್ದೂ 9.79ರಿಂದ 9.82.

ಮಿರ್ಚಿ ಭಜಿ:
ತಮ್ಮಾ, ಸೈನ್ ಹಾಕಿದವ್ರಿಗೆ ಗೊತ್ತಿರತೈತಿ. ನಲವತ್ತು ಮಂದಿ ಸ್ಟಾಪ್‌ವಾಚ್ ಒತ್ತಿದ್ರ ನಲವತ್ತೂ 9.8ರ ಸುತ್ತ ಕುಂದ್ರೂದಿಲ್ಲ. ಒಬ್ಬಂದು 9.6, ಇನ್ನೊಬ್ಬಂದು 9.9, ಹಂಗ ಚೆಲ್ಲಿರತೈತಿ. ಚೆಲ್ಲಿಲ್ಲ ಅಂದ್ರ ಅಳತಿ ಮಾಡಿಲ್ಲ. ಕಣ್ಣ ಮುಚ್ಚಿ ಸೈನ್ ಹಾಕಿದ್ದು ನಮ್ಮ ತಪ್ಪು, ಒಪ್ಪತೀನಿ. ಸೆಪ್ಟೆಂಬರ್ ಒಳಗ ಹದಿನಾರು ಪ್ರಯೋಗ ಮುಗಸ್ರಿ ಅಂದ್ರ ನಾವರ ಏನ ಮಾಡೂದು, ಅದು ಬ್ಯಾರೆ ಮಾತು.

ಈಗ ಕೆಲಸಕ್ಕ ಬರೂಣು. ಚಾಕ್‌ಪೀಸ್ ಸರ, ಸಮಯದೊಳಗ ಎಷ್ಟು ಕೊರತಿ ಬಿದ್ದೈತಿ ನೋಡಿದೆ. 101.6 ಸೆಂ.ಮೀ. ಲೋಲಕ 20 ಸಲ ತೂಗಾಕ 40.5 ಸೆಕೆಂಡ್ ಬೇಕು. ನಿಮಗ ಬಂದದ್ದು 38.5. ಕೊರತಿ 2.0. 41.6 ಸೆಂ.ಮೀ.ದಕ್ಕ 25.9 ಬೇಕು, ಬಂದದ್ದು 24.6. ಕೊರತಿ 1.3. ಬೆರಳ ತಡ ಆಗಿದ್ರ ಎರಡಕ್ಕೂ ಕೊರತಿ ಒಂದ ಸಮ ಇರಬೇಕಿತ್ತು, ಬೆರಳಿಗೆ ದಾರದ ಉದ್ದ ಗೊತ್ತಿಲ್ಲ. ಇಲ್ಲಿ ಉದ್ದನ್ನದ್ದಕ್ಕ 2.0, ಗಿಡ್ಡದಕ್ಕ 1.3. ಈಗ ಹೇಳ್ರಿ, 101.6 ಸೆಂ.ಮೀ. ಲೋಲಕ ಒಂದ ಸಲ ಹೋಗಿ ಬರಾಕ ಎಷ್ಟು ಹೊತ್ತು?

ಎರಡನೇ ಪಿಯು:
2.0 ಸೆಕೆಂಡ್!! ಗಿಡ್ಡದ್ದು 1.3!! ಒಂದು ಆಂದೋಲನ ಪೂರ್ತಿ ಕಾಣೆ. 19 ತೂಗಿದ್ದನ್ನ 20 ಅಂತ ಎಣಿಸಿದ್ದಾರೆ. 20/19ರ ವರ್ಗ 1.108, ಅದೇ 11 ಪರ್ಸೆಂಟ್.

ಲ್ಯಾಬ್ ಅಜ್ಜ:
ಮೂವತ್ತೆರಡು ವರ್ಷ ಕಾಲೇಜ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು ನಾನು. ಹೆಡ್ಡಿಂಗ್ ಓದಿದ ಕೂಡಲೇ ಅಂದ್ಕೊಂಡೆ, ಗುಂಡು ಬಿಟ್ಟ ತಕ್ಷಣ "ಒಂದು" ಅಂದಿರ್ತಾವೆ ಅಂತ. ಪ್ರತಿ ವರ್ಷ ಅದೇ. ಬಿಟ್ಟಾಗ ಸೊನ್ನೆ ಅನ್ನಬೇಕು, ಒಂದು ಸಲ ಹೋಗಿ ಬಂದ ಮೇಲೆ ಒಂದು. ಮಗು ಹುಟ್ಟಿದ ದಿನವೇ ಒಂದು ವರ್ಷ ಅಂತೀವಾ?

ನಾನು ಹುಡುಗರಿಗೆ ಹೀಗೆ ಹೇಳ್ತಿದ್ದೆ. ಬಿಟ್ಟ ಕೂಡಲೇ ವಾಚ್ ಒತ್ತಬೇಡಿ, ನಾಲ್ಕೈದು ಸಲ ತೂಗಲಿ, ಗಿರಗಿರ ಸುತ್ತೋದು ನಿಲ್ಲಲಿ. ಸ್ಟ್ಯಾಂಡಿನ ಹಿಂದೆ ಗೋಡೆ ಮೇಲೆ ಚಾಕಿನಿಂದ ಒಂದು ಗೀಟು ಎಳೀರಿ, ದಾರ ಸುಮ್ಮನೆ ನಿಂತಾಗ ಗೀಟನ್ನ ಮುಚ್ಚಬೇಕು. ದಾರ ಆ ಗೀಟು ದಾಟೋವಾಗ ಎಣಿಸಿ, ತುದಿಯಲ್ಲಿ ಅಲ್ಲ. ತುದಿಯಲ್ಲಿ ಗುಂಡು ನಿಂತ ಹಾಗೆ ತಡವರಿಸುತ್ತೆ, ಯಾವ ಗಳಿಗೆಯಲ್ಲಿ ತಿರುಗಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ನಡುವೆ ಜೋರಾಗಿ ಹೋಗುತ್ತೆ, ಗೆರೆ ದಾಟಿದ್ದು ಚಕ್ಕನೆ ಕಾಣುತ್ತೆ. ಎಣಿಸೋವಾಗ "ಮೂರು, ಎರಡು, ಒಂದು, ಸೊನ್ನೆ" ಅಂತ ಇಳಿದು, ಸೊನ್ನೆಗೆ ಒತ್ತಿ, ಅಲ್ಲಿಂದ ಏರಬೇಕು. ತಾಳ ಹಿಡಿದ ಹಾಗೆ ಇಳಿದು ಬಂದ್ರೆ ಬೆರಳು ಮೊದಲೇ ಸಿದ್ಧವಾಗಿರುತ್ತೆ, ತಡ ಆಗಲ್ಲ. ಗೀಟನ್ನ ನೇರ ಎದುರು ಕೂತು ನೋಡಬೇಕು, ಪಕ್ಕದಿಂದ ಇಣುಕಬಾರದು.

ಇನ್ನು ದಾರ. ಗುಂಡು ನೇತು ಹಾಕಿದ ಮೇಲೇ ಉದ್ದ ಅಳೀರಿ. ಮೇಜಿನ ಮೇಲೆ ಮಲಗಿಸಿ ಅಳೆದ ಹೊಲಿಗೆ ದಾರ ಗುಂಡಿನ ಭಾರಕ್ಕೆ ಎಳೀತದೆ, ಗಂಟೂ ಜಾರ್ತದೆ. ಮೊಳೆಗೆ ಸುತ್ತಿ ಕಟ್ಟಿದ್ರೆ ತೂಗೋವಾಗ ದಾರ ಮೊಳೆಗೆ ಸುತ್ತಿ ಬಿಚ್ಚಿ ಮಾಡ್ತದೆ, ಉದ್ದ ನಿಲ್ಲಲ್ಲ. ಕಾರ್ಕನ್ನ ಸೀಳಿ ನಡುವೆ ದಾರ ಸಿಗಿಸಿ ಸ್ಟ್ಯಾಂಡಿನಲ್ಲಿ ಬಿಗೀರಿ. ಕಾರ್ಕಿನ ಕೆಳ ಅಂಚೇ ಮೇಲಿನ ತುದಿ. ಮರದ ಸ್ಕೇಲಿನ ತುದಿ ಸವೆದಿರ್ತದೆ, ಸೊನ್ನೆಯಿಂದ ಹಿಡೀಬೇಡಿ, 10ರಿಂದ ಹಿಡಿದು ಕಳೀರಿ.

ಚಾಕ್‌ಪೀಸ್:
ಅಜ್ಜಾವ್ರೆ, ನಿಮ್ಮ ಕಾಲಿಗೆ ಬಿದ್ದೆ. ಮೊಳೆಗೇ ಕಟ್ಟಿದ್ದು. ಎಣಿಸಿದ್ದು ಒಬ್ಬನೇ ಹುಡುಗ, ಅವನ ಗಂಟಲು ದೊಡ್ಡದು ಅಂತ ನಾಲ್ಕೂ ಗುಂಪಿಗೆ ಅವನನ್ನೇ ನಿಲ್ಲಿಸಿದ್ದೆ. ಅದಕ್ಕೇ ನಾಲ್ಕು ಗುಂಪಿಗೂ ಒಂದೇ ತಪ್ಪು ಹಂಚಿಹೋಗಿದೆ. ಆದ್ರೆ ಒಂದು ಅನುಮಾನ. ಮಿರ್ಚಿ ಭಜಿ ಸರ್ ಲೆಕ್ಕ ಹಾಕಿದ್ದು ಪುಸ್ತಕದ ಜಿ ಬೆಲೆ ಇಟ್ಟುಕೊಂಡು. ಪುಸ್ತಕ ನೋಡಬೇಡಿ ಅಂದವರೂ ಅವರೇ. ಮಕ್ಕಳು ಇದನ್ನ ಕೇಳದೇ ಬಿಡಲ್ಲ.

ಮಿರ್ಚಿ ಭಜಿ:
ಹಿಡದ್ರಿ ನೋಡ್ರಿ ನನ್ನ! ಖರೆ ಅದ. ತೂಕದಕಲ್ಲು ಅವರ, ಈಗ ನೀವ ಕಾಪಾಡ್ರಿ.

ತೂಕದಕಲ್ಲು:
ಪುಸ್ತಕ ಮುಚ್ಚಿಟ್ಟೇ ಪರೀಕ್ಷೆ ಮಾಡಬಹುದು. ಅದೇ ಹುಡುಗ, ಅದೇ ಹಳೆ ಎಣಿಕೆ, ಬೇಕಂತಲೇ ತಿದ್ದಬೇಡಿ. 100 ಸೆಂ.ಮೀ. ದಾರದಲ್ಲೇ ಮೊದಲು 10 ಎಣಿಸಲಿ, ಆಮೇಲೆ 30. ಎಣಿಕೆ ಸರಿ ಇದ್ದರೆ 10ರ ಕಾಲ ಭಾಗಿಸು 10, 30ರ ಕಾಲ ಭಾಗಿಸು 30, ಎರಡೂ ಒಂದೇ ಅವಧಿ ಕೊಡಬೇಕು. ಪ್ರತಿ ಸಲ ಒಂದು ಕಾಣೆಯಾಗ್ತಿದ್ದರೆ 10ರಲ್ಲಿ ಪೆಟ್ಟು ಹೆಚ್ಚು, 30ರಲ್ಲಿ ಕಡಿಮೆ. ಇನ್ನೊಂದು ಚಮತ್ಕಾರ ಇದೆ. 30ರ ಕಾಲದಿಂದ 10ರ ಕಾಲ ಕಳೆದರೆ ಉಳಿಯೋದು ನಿಜವಾದ 20 ಆಂದೋಲನ. ಎಣಿಕೆಯ ತಪ್ಪು ಎರಡರಲ್ಲೂ ಇದ್ದದ್ದರಿಂದ ಕಳೆದುಹೋಗುತ್ತೆ, ಬೆರಳಿನ ಖಾಯಂ ತಡವೂ ಅದರ ಜೊತೆ ಹೋಗುತ್ತೆ.

ಉದ್ದಕ್ಕೂ ಇದೇ ಉಪಾಯ. ಅವಧಿಯ ವರ್ಗವನ್ನ ದಾರದ ಉದ್ದದ ಎದುರು ಗ್ರಾಫ್ ಎಳೀರಿ. ಬಿಟ್ಟುಹೋದ ಉದ್ದ ಎಲ್ಲ ಬಿಂದುವಿನಲ್ಲೂ ಒಂದೇ ಆದ್ದರಿಂದ ಗೆರೆ ಪಕ್ಕಕ್ಕೆ ಸರಿಯುತ್ತೆ, ಓರೆ ಬದಲಾಗಲ್ಲ. ಜಿ ಸಿಗೋದು ಆ ಓರೆಯಿಂದಲೇ. ನಿಮ್ಮ ಹಳೇ ಪಟ್ಟಿಗೇ ಎಳೆದು ನೋಡಿದೆ. ಗೆರೆ ಮೂಲಬಿಂದುವಿಗೆ ಹೋಗದೆ, ಉದ್ದದ ಅಕ್ಷವನ್ನ ಸೊನ್ನೆಗಿಂತ 1.5 ಸೆಂ.ಮೀ. ಹಿಂದೆ (ಎಡಕ್ಕೆ) ಮುಟ್ಟುತ್ತೆ. ನೀವು ಗುಂಡನ್ನ ಅಳೆದು ಹೇಳಿದ್ದು 1.6. ಗುಂಡನ್ನ ಮುಟ್ಟದೆಯೇ ಕಾಗದದ ಮೇಲೆ ಕೊಕ್ಕೆ ಸಮೇತ ಸಿಕ್ಕಿತು ನೋಡಿ. ಲೋಲಕದ ಪ್ರಯೋಗದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಒಂದೇ ಉದ್ದ ಇಟ್ಟುಕೊಂಡು ಸೂತ್ರಕ್ಕೆ ಹಾಕಿ ಮುಗಿಸುವವರಿಗೆ ಇದು ಕಾಣೋದೇ ಇಲ್ಲ.

ಲೋಲಕದ ಉದ್ದ ಎಲ್ಲಿಂದ ಎಲ್ಲಿವರೆಗೆ ಅನ್ನೋ ತಲೆನೋವು ದೊಡ್ಡ ದೊಡ್ಡವರಿಗೂ ಇತ್ತು. ಹೆನ್ರಿ ಕೇಟರ್ ಅಂತ ಒಬ್ಬ ಸೇನಾಧಿಕಾರಿ, ನಮ್ಮ ಕಡೆ ವಿಲಿಯಂ ಲ್ಯಾಂಬ್ಟನ್ ನಡೆಸಿದ ಭೂಮಾಪನ ಸರ್ವೆಯಲ್ಲಿ ದುಡಿದವನು. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಅಳೆಯುವಾಗ, ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗಿತು ಅಂತ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಲೆಕ್ಕ ಕಳೀತಿದ್ದ. ಕೇಟರ್ ಇಂಗ್ಲೆಂಡಿಗೆ ವಾಪಸ್ ಹೋಗಿ 1817ರಲ್ಲಿ ತಲೆಕೆಳಗು ಮಾಡಿಯೂ ತೂಗಬಹುದಾದ ಲೋಲಕ ಮಾಡಿದ. ಎರಡು ಕಡೆಯಿಂದಲೂ ಅವಧಿ ಒಂದೇ ಬರೋ ಹಾಗೆ ಹೊಂದಿಸಿದರೆ, ಲೋಲಕ ಕೂತು ತೂಗುವ ಎರಡು ಚೂಪು ಅಂಚುಗಳ ನಡುವಿನ ದೂರವೇ ಉದ್ದ. ಗುಂಡಿನ ನಡು ಎಲ್ಲಿ ಅಂತ ಹುಡುಕೋ ಕೆಲಸವೇ ಇಲ್ಲ.

ಚಾಕ್‌ಪೀಸ್:
ಸೋಮವಾರದ ವರದಿ. ಹುಡುಗನಿಗೆ ಏನೂ ಹೇಳದೆ, ಮೊದಲಿನ ಹಾಗೇ ಎಣಿಸು ಅಂದೆ. 10 ಎಣಿಸಿದಾಗ 18.2 ಸೆಕೆಂಡ್. 30 ಎಣಿಸಿದಾಗ 58.7. ಬೋರ್ಡಿನ ಮೇಲೆ ಮೂರೂ ಬರೆದೆ: 10ರಿಂದ ಅವಧಿ 1.82, ಶುಕ್ರವಾರದ 20ರಿಂದ 1.925, 30ರಿಂದ 1.957. ಒಂದೇ ಲೋಲಕಕ್ಕೆ ಮೂರು ಅವಧಿ ಹೇಗೆ ಅಂತ ಕೇಳಿ ಸುಮ್ಮನೆ ನಿಂತೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಎಣಿಸಿದ ಹುಡುಗನೇ, "ಸರ್, ನಾನು ಬಿಟ್ಟ ತಕ್ಷಣ ಒಂದು ಅಂದೆ" ಅಂದ. 58.7ರಲ್ಲಿ 18.2 ಕಳೆದ್ರೆ 40.5, ಅವಧಿ 2.025. ಕ್ಲಾಸಲ್ಲಿ ಗದ್ದಲವೋ ಗದ್ದಲ.

ಆಮೇಲೆ ಕಾರ್ಕು, ಗೋಡೆ ಗೀಟು, ಸೊನ್ನೆ ಎಣಿಕೆ, ಅಜ್ಜಾವ್ರು ಹೇಳಿದ ಹಾಗೆಯೇ ಮಾಡಿ, ಗುಂಡಿನ ನಡುವಿನವರೆಗೆ ಉದ್ದ ಹಿಡಿದು ಮತ್ತೆ ಅಳೆದ್ವಿ. 25.9, 31.6, 36.3, 40.5 ಸೆಕೆಂಡ್. ಜಿ 9.79, 9.74, 9.78, 9.78. ಸರಾಸರಿ 9.774! ಕರ್ನಾಟಕದ ಬೆಲೆ 9.78, ಪುಸ್ತಕದ 9.81 ಅಲ್ಲ ಅಂತ ನಮ್ಮ ಮಕ್ಕಳು ಸಾಧಿಸಿಬಿಟ್ರು.

ತೂಕದಕಲ್ಲು:
ಅಭಿನಂದನೆ. ಆದರೆ ಕೊನೆ ವಾಕ್ಯ ವಾಪಸ್ ತಗೊಳ್ಳಿ. 40 ಸೆಕೆಂಡಿನಲ್ಲಿ 0.1 ಆಚೆ ಈಚೆ ಆದರೆ ಅವಧಿಯಲ್ಲಿ ಕಾಲು ಪರ್ಸೆಂಟು, ವರ್ಗ ಮಾಡೋದರಿಂದ ಜಿಯಲ್ಲಿ ಅರ್ಧ ಪರ್ಸೆಂಟು, ಅಂದರೆ 0.05. ಗಿಡ್ಡ ಲೋಲಕದಲ್ಲಿ ಇನ್ನೂ ಜಾಸ್ತಿ. ಅದರ ಮೇಲೆ ಉದ್ದದ 2 ಮಿ.ಮೀ. ಅನುಮಾನ. 9.78ಕ್ಕೂ 9.81ಕ್ಕೂ ಇರೋ ಅಂತರ 0.03. ನಿಮ್ಮ ಪ್ರಯೋಗಕ್ಕೆ ಅದು ಕಾಣಲ್ಲ. 9.774 ಅಂತ ಬರೀಬೇಡಿ, ಕೊನೆಯ 4ಕ್ಕೆ ಅರ್ಥವಿಲ್ಲ. 9.77, ಹೆಚ್ಚುಕಡಿಮೆ 0.06 ಅಂತ ಬರೀರಿ.

ಮಿರ್ಚಿ ಭಜಿ:
ಹಳೇ ಪಟ್ಟಿ ಹರದು ಒಗೀಬ್ಯಾಡ್ರಿ ಸರ. 10.56ನೂ ರೆಕಾರ್ಡಿನೊಳಗ ಇರಲಿ, ಅದರ ಕೆಳಗ ಹೊಸಾದು ಬರೀಲಿ.

ಚಾಕ್‌ಪೀಸ್:
ಇದೆ ಸರ್, ಎರಡೂ ಇದೆ. ಎದುರುಬದುರು ಪುಟ.

ಈಗ ಹೊಸ ತಲೆನೋವು. ಊರಲ್ಲಿ ಗುರುತ್ವ ಜಾಸ್ತಿ ಅಂದಿದ್ದ ಹುಡುಗಿ ಸುಮ್ಮನಾಗಿಲ್ಲ. ಮುಂದಿನ ತಿಂಗಳು ಮುಳ್ಳಯ್ಯನಗಿರಿಗೆ ಪ್ರವಾಸ ಇದೆ. "ಎತ್ತರ ಹೋದ್ರೆ ಜಿ ಕಡಿಮೆ ಆಗುತ್ತಲ್ಲ, ಲೋಲಕ ತಗೊಂಡು ಹೋಗೋಣ ಸರ್" ಅಂತ ಹಿಂದೆ ಬಿದ್ದಿದ್ದಾಳೆ.

ತೂಕದಕಲ್ಲು:
ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ನಿಮ್ಮೂರಿಗಿಂತ ಸಾವಿರ ಚಿಲ್ಲರೆ ಮೀಟರ್ ಎತ್ತರ. ಎತ್ತರದ ಲೆಕ್ಕದಲ್ಲಿ ಜಿ ಕಡಿಮೆ ಆಗೋದು 0.0036ರಷ್ಟು, ಅದರಲ್ಲೂ ಬೆಟ್ಟದ ಸ್ವಂತ ರಾಶಿ ಒಂದಿಷ್ಟನ್ನ ವಾಪಸ್ ಕೊಡುತ್ತೆ. ಇಷ್ಟು ಕಾಣಬೇಕಾದರೆ ಒಂದು ಮೀಟರ್ ದಾರ ಎರಡೂ ಕಡೆ ಕಾಲು ಮಿ.ಮೀ. ಒಳಗೆ ಒಂದೇ ಇರಬೇಕು. ಮಂಜಿನಲ್ಲಿ ಹತ್ತಿ ದಾರ ಇರುತ್ತಾ? ತೂಗುವ ಕೋನವೂ ಒಂದೇ ಇರಬೇಕು. 5 ಡಿಗ್ರಿಯಿಂದ 1 ಡಿಗ್ರಿಗೆ ಇಳಿದರೆ ಅಷ್ಟಕ್ಕೇ ಅವಧಿ ಬದಲಾಗೋದು ಬೆಟ್ಟ ಬದಲಾಯಿಸೋದಕ್ಕಿಂತ ಜಾಸ್ತಿ.

1672ರಲ್ಲಿ ಜಾನ್ ರಿಷೆ ಅನ್ನೋ ಫ್ರೆಂಚ್ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ಲೋಲಕದ ಗಡಿಯಾರ ತಗೊಂಡು ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಅವನಿಗೆ ಕಂಡದ್ದು ಯಾಕೆ ಅಂದ್ರೆ, ಅವನು ಹೋದದ್ದು ಸಮಭಾಜಕದ ಹತ್ತಿರಕ್ಕೆ, ಎಣಿಸಿದ್ದು ದಿನಗಟ್ಟಲೆ. ನಿಮ್ಮ ಹುಡುಗಿಗೆ ಇರೋದು ಒಂದು ಮಧ್ಯಾಹ್ನ.

ಲ್ಯಾಬ್ ಅಜ್ಜ:
ದಾರ ಬಿಟ್ಟು ತಂಬೂರಿ ತಂತಿ ಹಾಕಿ. ಬಿಚ್ಚದೆ ಕಾರ್ಕು ಸಮೇತ ತಗೊಂಡು ಹೋಗಿ. ಅಲ್ಲಿ ಗಾಳಿ ಜಾಸ್ತಿ, ಮರೆ ನೋಡ್ಕೊಳ್ಳಿ.

ಚಾಕ್‌ಪೀಸ್:
ಇಷ್ಟನ್ನೂ ಅವಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಮ್ಮ ಲೋಲಕಕ್ಕೆ ಕಾಣಬೇಕು ಅಂದ್ರೆ ಎಷ್ಟು ಎತ್ತರದ ಬೆಟ್ಟ ಬೇಕು ಸರ್?" ಅಂದಳು. 0.05 ಕಡಿಮೆ ಆಗೋಕೆ ಬರೀ ಎತ್ತರದ ಲೆಕ್ಕದಲ್ಲೇ 16 ಕಿಲೋಮೀಟರ್. ಎವರೆಸ್ಟ್ ಮೇಲೆ ಇನ್ನೊಂದು ಎವರೆಸ್ಟ್ ಇಡಬೇಕು ಅಂದೆ. ತಂಬೂರಿ ತಂತಿ ಮಾತ್ರ ಈಗಾಗಲೇ ಅವಳ ಬ್ಯಾಗಿನಲ್ಲಿದೆ, ಅಜ್ಜನ ಮನೆಯಿಂದ ತಂದಳಂತೆ.